ಡ್ರಮ್ಮು ಒರೆಸುವ ನನ್ನ ತಮ್ಮ

ನನ್ನ ತಮ್ಮ ತನ್ನ ಮೈಗೆ ನೀರು ಹಾಕಿಕೊಳ್ಳುವುದು ವಾರಕ್ಕೆ ಎರಡು ಸಲ. ಅವನ ಡ್ರಮ್ಮುಗಳಿಗೆ ಮಾತ್ರ ದಿನಕ್ಕೆ ಎರಡು ಸಲ ಸೇವೆ. ಇದನ್ನು ನಾನು ಅವನ ಮುಖದೆದುರೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆದರೆ ಚಾಡಿ ಆಗುವುದಿಲ್ಲ. ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ, "ನನ್ಗೆ ತುಕ್ಕು ಇಡಿಯಲ್ಲ ಕಣಕ್ಕ."

ಅವನಿಗೆ ಅರವತ್ತೆಂಟು. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಅವನಿರುವುದು ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕೆಲಸಗಾರರಿಗೆಂದು ಕಟ್ಟಿದ ಲೈನ್ ಮನೆಯಲ್ಲಿ. ಇರುವುದು ಎರಡೇ ಕೋಣೆ. ಒಂದರಲ್ಲಿ ಡ್ರಮ್ಮುಗಳ ವಾಸ. ಇನ್ನೊಂದರಲ್ಲಿ ಒಲೆ, ಕೊಡ, ಅಕ್ಕಿ ಡಬ್ಬ ಮತ್ತು ನನ್ನ ತಮ್ಮ. ನಾನಿರುವುದು ಬಂಗಾರಪೇಟೆಯಲ್ಲಿ. ಪ್ರತಿ ಭಾನುವಾರ ಬೆಳಗಿನ ರೈಲು ಹತ್ತಿ ಅವನಿಗೆ ಸಾರು ಮಾಡಿ ಹಾಕಲು ಹೋಗುತ್ತೇನೆ. ಅವನಿಗೆ ಅಡಿಗೆ ಬರುತ್ತದೆ. ಆದರೂ ಹೋಗುತ್ತೇನೆ.

ಒಂದು ಕಾಲದಲ್ಲಿ ಅವನು ಹಗಲು ನಂದಿದುರ್ಗ ಗಣಿಯಲ್ಲಿ ಫಿಟ್ಟರ್, ಸಂಜೆ ಐದು ಜನರ ಬ್ಯಾಂಡಿನಲ್ಲಿ ಡ್ರಮ್ಮರ್. ಮದುವೆ, ಚರ್ಚಿನ ಹಬ್ಬ, ಕ್ಲಬ್ಬಿನ ಕುಣಿತ, ಎಲ್ಲಕ್ಕೂ ಇವರೇ ಬೇಕಿತ್ತು. ಆಮೇಲೆ ಗಣಿ ಮುಚ್ಚಿತು. ಬ್ಯಾಂಡಿನ ಮೂವರು ತೀರಿಕೊಂಡರು. ಕೀಬೋರ್ಡ್ ನುಡಿಸುತ್ತಿದ್ದವನು ಬಂಗಾರಪೇಟೆ ಸೇರಿದ. ಇವನ ಒಂದು ಕಿವಿಯನ್ನು ಗಣಿಯ ಡ್ರಿಲ್ಲು ತಿಂದಿತು, ಇನ್ನೊಂದನ್ನು ಡ್ರಮ್ಮು ತಿಂದಿತು. ಎದುರು ನಿಂತು ಕೂಗಿದರೆ ಮಾತು ಕೇಳುತ್ತದೆ, ಅಷ್ಟೆ. ಬಾರಿಸಲು ಯಾರೂ ಕರೆಯದೆ ಒಂಬತ್ತು ವರ್ಷವಾಗಿತ್ತು. ಒರೆಸುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

"ಯಾರಿಗೋಸ್ಕರ ಒರೆಸ್ತೀಯಲಾ?" ಅಂತ ಕೇಳಿದೆ ಒಮ್ಮೆ.

"ಯಾರಾದ್ರೂ ಕರದ್ರೆ?"

"ಯಾರ್ ಕರೀತಾರೆ ನಿನ್ನ?"

"ಅದನ್ನ ಅವ್ರು ಕರದಾಗ ಏಳ್ತೀನಿ."

ಇಂಥವನ ಹತ್ತಿರ ಏನು ವಾದ ಮಾಡುವುದು?

ಒರೆಸುವುದು ಅಂದರೆ ಸುಮ್ಮನೆ ಅಲ್ಲ. ನಮ್ಮ ಕಡೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಬೆಟ್ಟದಂತೆ ಸುರಿದಿದ್ದಾರೆ. ಗಾಳಿ ಎದ್ದರೆ ಆ ಹಿಟ್ಟಿನಂಥ ಧೂಳು ಮನೆ ಮನೆಗೆ ಬರುತ್ತದೆ. ಚಿನ್ನ ಯಾರ್ಯಾರಿಗೋ ಹೋಯಿತು, ಧೂಳು ಮಾತ್ರ ಇಲ್ಲಿಯವರಿಗೇ. ಅದು ಅನ್ನದ ಮೇಲೆ ಬಿದ್ದರೆ ನನ್ನ ತಮ್ಮ ಊದಿಕೊಂಡು ತಿನ್ನುತ್ತಾನೆ, ಡ್ರಮ್ಮಿನ ಮೇಲೆ ಬಿದ್ದರೆ ಎದ್ದು ಕೂರುತ್ತಾನೆ. ಮೊದಲು ಒಣ ಬಟ್ಟೆ. ಹೊಸ ಬಟ್ಟೆ ಆಗದು, ಗೀರು ಬೀಳುತ್ತದಂತೆ. ನಮ್ಮ ಯಜಮಾನರು ತೀರಿಕೊಂಡಾಗ ಅವರ ಬನಿಯನ್ನುಗಳನ್ನೆಲ್ಲ ಕೇಳಿ ತೆಗೆದುಕೊಂಡು ಹೋದ. ಭಾವನ ಮೇಲೆ ಎಷ್ಟು ಪ್ರೀತಿ ಅಂತ ಊರವರು ಕಣ್ಣೊರೆಸಿಕೊಂಡರು. ಆಮೇಲೆ ಬೋಲ್ಟುಗಳ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಕಾಲಲ್ಲಿ ತುಳಿಯುವ ಪೆಡಲಿಗೆ ಹೊಲಿಗೆ ಮಷೀನಿನ ಎಣ್ಣೆ, ಎರಡೇ ತೊಟ್ಟು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗೆ ಒಂದು ದಿಂಬು ಇಡುತ್ತಾನೆ, ಸದ್ದು ಗುಂಯ್‌ಗುಡಬಾರದು ಅಂತ. ಒಳ್ಳೆಯ ಹತ್ತಿಯ ದಿಂಬು. ಇವನು ಮಲಗುವುದು ತೋಳಿನ ಮೇಲೆ.

ಇವನಿಗೆ ಮದುವೆ ಯಾಕಾಗಲಿಲ್ಲ ಅಂತ ಜನ ನನ್ನನ್ನು ಕೇಳುತ್ತಾರೆ. ಕೇಳಿ. ಮೂವತ್ತರ ವಯಸ್ಸಿನಲ್ಲಿ ಇವನನ್ನು ಮಾಲೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು. ಏನಾದರೂ ಕೇಳಬೇಕಾದರೆ ಕೇಳಪ್ಪ ಅಂದರು ಅವಳ ತಂದೆ. ಇವನು ಕೇಳಿದ, "ನಿಮ್ಗೆ ಅಂಗೈ ಬೆವರ್ತದಾ?"

ಬೆವರು ತಗುಲಿದರೆ ಡ್ರಮ್ಮಿನ ಬಿಳಿ ಲೋಹಕ್ಕೆ ತುಕ್ಕು. ಅದು ನಮಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು? ನಾವು ಕಾಫಿ ಮುಗಿಸುವ ಮೊದಲೇ ಲೋಟ ತೆಗೆದುಕೊಂಡು ಒಳಗೆ ಹೋದರು.

ಪಕ್ಕದ ಮನೆಯ ತಮಿಳು ಹೆಂಗಸು ಒಮ್ಮೆ ಮಳೆ ಬಂತೆಂದು ಒಗೆದ ಸೀರೆಯನ್ನು ತಂದು ಇವನ ಸಿಂಬಲ್ ಸ್ಟ್ಯಾಂಡಿಗೆ, ಅಂದರೆ ತಟ್ಟೆಯಂಥ ದೊಡ್ಡ ತಾಳ ಕೂರಿಸುವ ಕಂಬಕ್ಕೆ, ಹರವಿದಳು. ಒಳ್ಳೇ ಕಂಬ ಅಂದುಕೊಂಡಳಂತೆ. ಇವನು ಬಯ್ಯಲಿಲ್ಲ. ಸೀರೆ ಮಡಿಸಿ ಕೊಟ್ಟ, ಸ್ಟ್ಯಾಂಡನ್ನು ಮೂರು ಸಲ ಒರೆಸಿದ, ಮಾರನೇ ದಿನ ಅವಳ ಬಾಗಿಲಿನಿಂದ ಬೇವಿನ ಮರದ ತನಕ ತಾನೇ ಹಗ್ಗ ಕಟ್ಟಿಕೊಟ್ಟ. ಅವಳು ಇವತ್ತಿಗೂ ಇವನನ್ನು ಬಹಳ ಸಹಾಯದ ಮನುಷ್ಯ ಅನ್ನುತ್ತಾಳೆ.

ನನಗೆ ಮಾತ್ರ ಬಯ್ದ. ನಾನು ಮಾಡಿದ್ದೇನು? ಉಪಕಾರ! ಅವನು ಸ್ನಾನಕ್ಕೆ ಹೋಗಿದ್ದಾಗ ನೋಡಿದೆ, ಸಿಂಬಲ್ಲುಗಳು ಕಂದಿ ಕಪ್ಪಾಗಿದ್ದವು. ದಿನವೆಲ್ಲ ಒರೆಸುವವನಿಗೆ ಇದು ಕಾಣುವುದಿಲ್ಲವೇ ಅಂತ ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಹಬ್ಬದ ಹಿತ್ತಾಳೆ ಪಾತ್ರೆಯ ಹಾಗೆ ತಿಕ್ಕಿದೆ. ಮುಖ ಕಾಣುವಂತೆ ಹೊಳೆದವು. ಅವನು ಟವಲು ಸುತ್ತಿಕೊಂಡು ಬಂದವನು ಬಾಗಿಲಲ್ಲೇ ನಿಂತ.

"ಅಕ್ಕ, ಏನ್ ಮಾಡ್ಬುಟ್ಟೆ?"

"ಕಿಲುಬು ತೆಗದೆ ಕಣ್ಲಾ."

"ಅದು ಕಿಲುಬಲ್ಲ. ಮೂವತ್ ವರ್ಸ ಒಡದೊಡದು ಬಂದಿದ್ ದನಿ."

ದನಿ ಹುಣಸೆಹಣ್ಣಿಗೆ ಬಿಟ್ಟುಕೊಳ್ಳುತ್ತದೆ ಅಂತ ನನಗೇನು ಗೊತ್ತು? ನಾಲ್ಕು ಭಾನುವಾರ ನನ್ನ ಸಾರು ತಿಂದ, ಮಾತಾಡಲಿಲ್ಲ.

ಐದನೇ ಭಾನುವಾರ ಅವನೇ ಕರೆದ. ಡ್ರಮ್ಮಿನ ಮೇಲಿನ ಹಾಳೆ ಬಿಚ್ಚಿ ಒಳಗೆಲ್ಲ ಒರೆಸಿ ಮತ್ತೆ ಬಿಗಿಯುತ್ತಿದ್ದ. ಚರ್ಮ ಅಂತ ಅದಕ್ಕೆ ಹೆಸರು, ಇರುವುದು ಪ್ಲಾಸ್ಟಿಕ್ಕು. ಸುತ್ತ ಆರು ಬೋಲ್ಟು. ಒಂದು ಬಿಗಿದ ಮೇಲೆ ಅದರ ಪಕ್ಕದ್ದಲ್ಲ, ಎದುರಿನದು ಬಿಗಿಯಬೇಕು. ಪ್ರತಿ ಬೋಲ್ಟಿನ ಹತ್ತಿರ ಕೋಲಿನಿಂದ ತಟ್ಟಿದರೆ ಆರೂ ಕಡೆ ಒಂದೇ ದನಿ ಬರಬೇಕು. ಆ ಸಣ್ಣ ವ್ಯತ್ಯಾಸ ಅವನಿಗೆ ಈಚೆಗೆ ಕೇಳುತ್ತಿರಲಿಲ್ಲ. ಕಿವಿಗೆ ಹಾಕುವ ಮಷೀನು ಇದೆ. ಹಾಕಿಕೊಂಡರೆ ಡ್ರಮ್ಮು ತಗಡಿನ ಡಬ್ಬದಂತೆ ಕೇಳುತ್ತದಂತೆ. ಅದನ್ನೂ ದಿನಾ ಒರೆಸಿ ಡಬ್ಬಿಯೊಳಗೆ ಇಡುತ್ತಾನೆ.

"ಅಕ್ಕ, ಇದು, ಇದು. ಎರಡೂ ಒಂದೇನಾ?"

ಅಂದಿನಿಂದ ಪ್ರತಿ ಭಾನುವಾರ ಇದೇ ಕೆಲಸ. ಬಂಗಾರಪೇಟೆಯ ನನ್ನ ಮನೆಯಲ್ಲಿ ನಾನೊಬ್ಬಳೇ. ಅಲ್ಲಿ ಯಾವ ವಿಷಯಕ್ಕೂ ನನ್ನನ್ನು ಕೇಳುವವರಿಲ್ಲ. ಕೇಳುವವನು ಇವನೊಬ್ಬ, ಇವನು ಕೇಳುವುದು ಬೋಲ್ಟಿನ ವಿಷಯ. ಒಲೆಯ ಮೇಲೆ ಬೇಳೆ ಇರುತ್ತಿತ್ತು. ನಾನು ಅಡಿಗೆ ಕೋಣೆಯಿಂದಲೇ "ಒಂದೇ ಐತೆ ಕಣ್ಲಾ" ಅಂತ ಕೂಗುತ್ತಿದ್ದೆ. ನಿಜ ಹೇಳಬೇಕೆಂದರೆ ಕೇಳಿಸಿಕೊಂಡೇ ಇರಲಿಲ್ಲ. ಬಾರಿಸದೆ ಇರುವ ಡ್ರಮ್ಮಿನ ದನಿ ಹೇಗಿದ್ದರೇನು ಅಂತ ನನ್ನ ಲೆಕ್ಕ.

ಅಷ್ಟರಲ್ಲಿ ಕರೆದೇ ಬಿಟ್ಟರು! ಕೀಬೋರ್ಡಿನವನ ಮೊಮ್ಮಗಳ ನಿಶ್ಚಿತಾರ್ಥ, ಬಂಗಾರಪೇಟೆಯ ಒಂದು ಛತ್ರದಲ್ಲಿ, ಮಧ್ಯಾಹ್ನ. "ನಾವಿಬ್ರೇ ಉಳ್ದಿರೋದು, ನಾಕು ಹಾಡು ನುಡಿಸೋಣ ಬಾರಪ್ಪ" ಅಂತ ಅವನೇ ಬಂದು ಕರೆದ. ನನ್ನ ತಮ್ಮ ನನ್ನ ಕಡೆ ತಿರುಗಿ ಒಂದು ನಗು ನಕ್ಕ. ಆ ವಾರ ಅವನು ಮೂರನೇ ಸ್ನಾನ ಮಾಡಿದ. ಅಂಗಿಗೆ ಇಸ್ತ್ರಿ ಹಾಕಿಸಿದ. ನಿಶ್ಚಿತಾರ್ಥದ ಹಿಂದಿನ ಭಾನುವಾರ ಐದೂ ಡ್ರಮ್ಮು ಬಿಚ್ಚಿ ಬಿಗಿದ. "ಒಂದೇನಾ?" "ಒಂದೇ." "ಇದು?" "ಒಂದೇ ಅಂತ ಏಳಿದ್ನಲ್ಲ." ಸಾರು ಉಕ್ಕುತ್ತಿತ್ತು.

ಛತ್ರದಲ್ಲಿ ಅವನ ಕೈ ತಪ್ಪಲಿಲ್ಲ. ಒಂಬತ್ತು ವರ್ಷ ಬಿಟ್ಟ ಕೈ ಅಂತ ಯಾರೂ ಹೇಳುವಂತಿರಲಿಲ್ಲ. ಆದರೆ ದನಿ! ಒಂದು ಡ್ರಮ್ಮು ಕೊಡದ ಮೇಲೆ ಒದ್ದೆ ಬಟ್ಟೆ ಬಿದ್ದಂತೆ ಥಪ್ ಅಂದರೆ, ಇನ್ನೊಂದು ಕೊಯ್ಯಂ ಅಂತ ಒಡಕಾಗಿ ಅನ್ನುತ್ತಿತ್ತು. ಪಾಯಸ ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ತಿರುಗಿ ನೋಡಿದ. ಎರಡು ಹಾಡಿಗೆ ಕೀಬೋರ್ಡಿನವನು ನಿಲ್ಲಿಸಿ, ಇವನ ಭುಜ ತಟ್ಟಿ, ಊಟಕ್ಕೆ ಏಳಪ್ಪ ಅಂದ. ಆಮೇಲೆ ನನ್ನ ಹತ್ತಿರ ಬಂದ.

"ಏನಮ್ಮ, ಬಿಗಿ ಮಾಡ್ದೇನೇ ತಂದುಬಿಟ್ನಾ? ಇವ್ನು ಅಂಥೋನಲ್ವಲ್ಲ."

ನಾನು ಎಲೆಯ ಮೇಲಿನ ಪಾಯಸ ನೋಡುತ್ತ ಕೂತೆ.

ಊರಿಗಾಂಗೆ ವಾಪಸು ಗೂಡ್ಸ್ ಆಟೋದಲ್ಲಿ, ಸಾಮಾನು ಇಳಿಸಿಕೊಡಲು ನಾನೂ ಹೊರಟೆ. ಡ್ರಮ್ಮುಗಳನ್ನು ಬಿಟ್ಟು ಮುಂದೆ ಕೂರುವುದಿಲ್ಲ ಅಂದ, ಆದ್ದರಿಂದ ಇಬ್ಬರೂ ಹಿಂದೆ ಅವುಗಳ ನಡುವೆ. ಅವನ ಮುಖ ಮದುವೆ ಗಂಡಿನ ಮುಖ.

"ನನ್ಗೆ ಸುಸ್ತಾಗುತ್ತೆ ಅಂತ ಎರಡಕ್ಕೇ ಸಾಕು ಅಂದ, ನೋಡು. ಒಳ್ಳೇ ಮನ್ಸ. ಎಂಗಿತ್ತಕ್ಕ?"

ಚೆನ್ನಾಗಿತ್ತು ಅಂದುಬಿಡಬಹುದಿತ್ತು. ನನ್ನ ಬಾಯಿ ಕಡ್ಡಿ ಮುರಿದಂಥ ಬಾಯಿ, ಹಾಗೆ ಅನ್ನಲು ಬರಲಿಲ್ಲ. ಆದರೆ ಮೆಲ್ಲಗೆ ತಪ್ಪೊಪ್ಪಿಕೊಳ್ಳುವ ಸೌಕರ್ಯ ಕಿವುಡನ ಅಕ್ಕನಿಗೆ ಇರುವುದಿಲ್ಲ. ಕೂಗಬೇಕು. ಎರಡು ಸಲ ಕೂಗಿದೆ, ಆಟೋ ಸದ್ದಿಗೆ ಕೇಳಲಿಲ್ಲ. ಮೂರನೇ ಸಲ ಕೂಗುವಾಗ ರೈಲ್ವೆ ಗೇಟು ಬಂದು ಡ್ರೈವರು ಇಂಜಿನ್ ಆಫ್ ಮಾಡಿದ.

"ಕೆಟ್ಟದಾಗಿತ್ತು ಕಣ್ಲಾ. ನಿನ್ ಕೈ ಸರೀಗಿತ್ತು. ಡ್ರಮ್ಮೇ ಸರಿಗಿರಲಿಲ್ಲ. ಒಂದೇ ಐತೆ ಅಂದಿದ್ದೆಲ್ಲ ಸುಳ್ಳು. ನಾನು ಕೇಳುಸ್ಕೊಂಡೇ ಇರಲಿಲ್ಲ."

ಗೇಟಿನಲ್ಲಿ ನಿಂತಿದ್ದ ಇಡೀ ಸಾಲು ನಮ್ಮ ಕಡೆ ತಿರುಗಿತು.

ಅವನು ಡ್ರಮ್ಮಿನ ಮೇಲಿಟ್ಟಿದ್ದ ಕೈ ತೆಗೆದುಕೊಂಡ. ಆಮೇಲೆ, "ನೀನು ಯಾರ್ ಮುಲಾಜಿಗೂ ಸುಳ್ ಏಳಲ್ಲ ಅಂತಾನೇ ನಿನ್ನ ಕೇಳ್ತಿದ್ದೆ," ಅಂದ. ಅಷ್ಟೇ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಮುಂದಿನ ಭಾನುವಾರ ಹೋದಾಗ ಪಕ್ಕದ ಮನೆಯವಳು ಬಾಗಿಲಲ್ಲೇ ತಡೆದಳು. "ಅಕ್ಕಾ, ತಂಬಿ ಡ್ರಮ್ ತೊಡವೇ ಇಲ್ಲೆ," ಅಂದಳು. ತಮ್ಮ ಡ್ರಮ್ಮು ಮುಟ್ಟಿಯೇ ಇಲ್ಲವಂತೆ, ಅವತ್ತಿನಿಂದ.

ಒಳಗೆ ಹೋಗಿ ನೋಡಿದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಡ್ರಮ್ಮುಗಳ ಮೇಲೆ ಧೂಳು. ಬೆರಳಿನಲ್ಲಿ ಗೆರೆ ಎಳೆಯಬಹುದು, ಅಷ್ಟು. ಇಷ್ಟು ವರ್ಷದಲ್ಲಿ ನಾನು ಅವುಗಳ ಮೇಲೆ ಧೂಳು ನೋಡಿದ್ದು ಅದೇ ಮೊದಲು. ಯಾರೂ ಇಲ್ಲದ ಮನೆ ಹಾಗಿರುತ್ತದೆ. ನನಗೆ ಗೊತ್ತು, ನಾನು ಅಂಥದೇ ಮನೆಗೆ ಬೀಗ ಹಾಕಿ ಬಂದಿದ್ದೆ.

ಒಲೆ ಹಚ್ಚಲಿಲ್ಲ. ಬಟ್ಟೆ ಹುಡುಕಿ ಒರೆಸಿದೆ, ಒಣ ಬಟ್ಟೆಯಲ್ಲಿ, ಮೆಲ್ಲಗೆ. ಪಕ್ಕದ ಮನೆಯ ಟಿ.ವಿ. ಆರಿಸು ಅಂತ ಕೂಗಿ ಹೇಳಿದೆ. ಆಮೇಲೆ ಅವನ ಸ್ಟೂಲಿನ ಮೇಲೆ ಕೂತು ಕೋಲು ತೆಗೆದುಕೊಂಡು ಒಂದು ಬೋಲ್ಟಿನ ಹತ್ತಿರ ತಟ್ಟಿದೆ. ಎದುರಿನದರ ಹತ್ತಿರ ತಟ್ಟಿದೆ. ನನ್ನಾಣೆ, ಎರಡೂ ಒಂದೇ ಅನಿಸಿತು. ಮತ್ತೆ ತಟ್ಟಿದೆ. ಕಣ್ಣು ಮುಚ್ಚಿಕೊಂಡು ಮತ್ತೆ. ಎಷ್ಟು ಸಲವೋ. ಕೊನೆಗೆ ಕೇಳಿತು. ಒಂದು ನೆಟ್ಟಗೆ ಮಾತಾಡುತ್ತಿತ್ತು, ಇನ್ನೊಂದು ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡುತ್ತಿತ್ತು.

ಹೋಗಿ ಅವನ ಬೆನ್ನು ಅಲ್ಲಾಡಿಸಿದೆ. ಮುಖದ ಹತ್ತಿರ ಬಗ್ಗಿ ಕೂಗಿದೆ.

"ಒಂದೇ ಇಲ್ಲ ಕಣ್ಲಾ."

ಕಣ್ಣು ಬಿಟ್ಟು ನೋಡಿದ. "ಯಾವ್ದು?"

"ಕಿಟಕಿ ಕಡೇದು. ತಗ್ಗೈತೆ."

ಎದ್ದು ಬಂದ. ಬೋಲ್ಟು ಬಿಗಿಯುವ ಕೀ ತೆಗೆದುಕೊಂಡು ಕಾಲು ಸುತ್ತು ತಿರುಗಿಸಿ ತಟ್ಟಿದ. ಡ್ರಮ್ಮು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಈಗ?"

"ಇಲ್ಲ."

"ಈಗ?"

"ಇಲ್ಲ. ಜಾಸ್ತಿ ಆಯ್ತು."

ನಾನು ಇಷ್ಟು ದಿನ "ಒಂದೇ" ಅಂದಾಗಲೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದವನು, ಒಂದೊಂದು "ಇಲ್ಲ"ಕ್ಕೂ ಮುಖ ಅರಳಿಸುತ್ತಿದ್ದ. ಎಂಥ ಮನುಷ್ಯ ಇವನು! ನಾನು ವಾಪಸು ಹತ್ತಬೇಕಿದ್ದ ಮಧ್ಯಾಹ್ನದ ರೈಲು ಬಂದು ಹೋದ ಸದ್ದು ನನಗೆ ಕೇಳಿತು. ಅವನಿಗೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ.

"ಈಗ?" ಅಂದ.

ಕಿವಿಯನ್ನು ಹಾಳೆಯ ಹತ್ತಿರ ತಂದೆ. "ಇನ್ನೊಂದ್ಸಲ ಒಡಿ," ಅಂದೆ.