ಕೈಕಟ್ಟಿ ನಿಂತ ಕೋಡುಬಳೆ

ಪಶ್ಚಿಮ ಜರ್ಮನಿಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕು, ಉಣ್ಣೆ ಕೋಟು ಬೇಕು, ಗುರುಬಲ ಬೇಕು ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಒಂದಿಷ್ಟು ಮೈದಾ ಹಿಟ್ಟಿದ್ದರೆ ಸಾಕು ಎಂದು ಕಂಡುಹಿಡಿದ ಮಹಾನುಭಾವ ನಾನು!

ಎಪ್ಪತ್ತರ ದಶಕದ ನಡುವಿನ ಮಾತು. ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ನಾನಾಗ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಆದರೆ ಗತ್ತಿನಲ್ಲಿ ಅವನಿಗಿಂತ ಒಂದು ಕೂದಲೂ ಕಡಿಮೆಯಿರಲಿಲ್ಲ. ಬೇರೆಯವರು ಬೆವರು ಸುರಿಸಿ ಮಾಡಿದ ತುಂಡನ್ನು ಅಳತೆಯ ಗೇಜಿನೊಳಗೆ ತೂರಿಸಿ ನೋಡುವುದು, ತೂರಿದರೆ ನನ್ನ ಮೊಹರು ಒತ್ತುವುದು, ತೂರದಿದ್ದರೆ ‘ರಿಜೆಕ್ಟ್’ ಎಂದು ಕೆಂಪು ಬಣ್ಣ ಬಳಿಯುವುದು. ಇಷ್ಟೇ ಕೆಲಸ. ಸ್ವಂತವಾಗಿ ಒಂದು ಮೊಳೆಯನ್ನೂ ಮಾಡದೆ ಹತ್ತಾರು ವರ್ಷ ಇನ್ನೊಬ್ಬರ ತಪ್ಪು ಹುಡುಕಿ ಹುಡುಕಿ, ಈ ಭೂಮಿಯ ಮೇಲೆ ನಾನೊಬ್ಬನೇ ಸರಿ ಎಂಬ ಜ್ಞಾನೋದಯ ನನಗಾಗಿತ್ತು.

ಆ ವರ್ಷ ನಮ್ಮ ವಿಭಾಗದಿಂದ ಒಬ್ಬನನ್ನು ತರಬೇತಿಗೆಂದು ಜರ್ಮನಿಗೆ ಕಳಿಸುವುದು ಎಂದಾಯಿತು. ಕಣದಲ್ಲಿ ಉಳಿದವರು ಇಬ್ಬರು: ನಾನು ಮತ್ತು ನನ್ನ ಪಕ್ಕದ ಮೇಜಿನ ಮುನಿರಾಜಪ್ಪ. ಆರಿಸುವವರು ನಮ್ಮ ಚೀಫ್ ವೆಂಕಟವರದನ್. ಅವರು ಹಿಂದೆ ಸ್ಟುಟ್‌ಗಾರ್ಟಿನಲ್ಲಿ ಇದ್ದು ಬಂದವರು. ದೇಹ ವಾಪಸ್ ಬಂದಿತ್ತು, ನಾಲಗೆ ಅಲ್ಲೇ ಉಳಿದಿತ್ತು! ಯಾವ ತಿಂಡಿ ಕಂಡರೂ ಒಂದೇ ನಿಟ್ಟುಸಿರು: “ಸ್ಟುಟ್‌ಗಾರ್ಟ್‌ನಲ್ಲಿ ಪ್ರೆಟ್ಜೆಲ್ ಅಂತ ಒಂದು ಸಿಗ್ತಿತ್ತಯ್ಯಾ… ಮೇಲೆ ಉಪ್ಪು… ಆಹಾ!”

ನನಗೆ ಅಷ್ಟು ಸಾಕಾಯಿತು. ಮುನಿರಾಜಪ್ಪ ಕೆಲಸ ಮಾಡಿ ತೋರಿಸಲಿ, ನಾನು ಪ್ರೆಟ್ಜೆಲ್ ಮಾಡಿ ತೋರಿಸುತ್ತೇನೆ. ಯಾರು ವಿಮಾನ ಹತ್ತುತ್ತಾರೋ ನೋಡೇಬಿಡೋಣ ಎಂದು ಮೀಸೆ ತಿರುವಿದೆ. ಶಿವಾಜಿನಗರದ ರದ್ದಿ ಅಂಗಡಿಯೊಂದರಲ್ಲಿ, ಕಂಟೋನ್ಮೆಂಟಿನ ಯಾವುದೋ ದೊರೆಸಾನಿ ಓದಿ ಬಿಸಾಡಿದ ಹೆಂಗಸರ ಪತ್ರಿಕೆಯೂ ಸಿಕ್ಕಿತು. ‘ಮನೆಯಲ್ಲೇ ಮಸಾಲೆ ಪ್ರೆಟ್ಜೆಲ್! ಪಾರ್ಟಿಗೆ ಹೇಳಿ ಮಾಡಿಸಿದ ತಿಂಡಿ! ಅತಿ ಸುಲಭ!’ ಎಂದು ದೊಡ್ಡ ಅಕ್ಷರದ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಡುಗೆಗೆ ಸಂಬಂಧಪಟ್ಟಂತೆ ‘ಅತಿ ಸುಲಭ’ ಎಂಬ ಮಾತನ್ನು ನಂಬುವ ಪ್ರಾಣಿ ಜಗತ್ತಿನಲ್ಲಿ ಒಂದೇ, ಅದು ಗಂಡಸು.

ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ಬಂದವನೇ ಹೆಂಡತಿಗೆ ಅಪ್ಪಣೆ ಕೊಡಿಸಿದೆ.

“ಅಂಬುಜಾ, ಬರೋ ಭಾನುವಾರ ಚೀಫ್ ನಮ್ಮನೆಗೆ ಪಾರ್ಟಿಗೆ ಬರ್ತಾರೆ. ತಿಂಡಿ ನಾನೇ ಮಾಡ್ತೀನಿ. ಅವತ್ತು ನೀನು ಅಡುಗೆಮನೆ ಕಡೆ ತಲೆ ಹಾಕ್ಬೇಡ!”

ಅಂಬುಜಾ ಪತ್ರಿಕೆಯಲ್ಲಿದ್ದ ಚಿತ್ರವನ್ನು ಹಾಗೂ ಹೀಗೂ ತಿರುಗಿಸಿ ನೋಡಿದಳು. “ಇದೇನ್ರೀ, ಕೋಡುಬಳೆ ಕೈಕಟ್ಕೊಂಡು ನಿಂತಿದೆ!”

“ಕೋಡುಬಳೆ ಅಂತೆ ಕೋಡುಬಳೆ! ಇದು ಯೂರೋಪು ಕಣೇ!”

“ಇರ್ಲಿ ಬಿಡಿ. ಪಾರ್ಟಿ ಯಾವ ಲೆಕ್ಕದಲ್ಲಿ?”

“ನಮ್ಮ ಮದುವೆ ದಿನ ಅಂತ ಹೇಳ್ಬಿಟ್ಟಿದೀನಿ.”

“ನಮ್ಮ ಮದುವೆ ಆಗಿದ್ದು ವೈಶಾಖದಲ್ಲಿ. ಈಗ ನಡೀತಿರೋದು ಆಷಾಢ. ಆಷಾಢದಲ್ಲಿ ಯಾವ ಪುರೋಹಿತ ತಾಳಿ ಕಟ್ಟಿಸ್ತಾನ್ರೀ?”

“ಚೀಫ್ ಸ್ಟುಟ್‌ಗಾರ್ಟಿನಲ್ಲಿ ಇದ್ದೋರು. ಅಲ್ಲಿ ಆಷಾಢ ಇಲ್ಲ!”

“ಮಸಾಲೆಗೆ ಬೆಳ್ಳುಳ್ಳಿ ಪುಡಿ ಅಂತ ಬರೆದಿದೆಯಲ್ಲ?”

“ಹೌದು, ಹಾಕ್ಬೇಕು.”

“ಈ ಮನೆಗೆ ಬೆಳ್ಳುಳ್ಳಿ ಬಂದ ದಿನ ನಾನು ತೌರಿಗೆ ಹೊರಡ್ತೀನಿ. ನೀವು ಜರ್ಮನಿಗೆ ಹೊರಡೋಕೆ ಮುಂಚೇನೇ!”

ಬೆಳ್ಳುಳ್ಳಿಯ ಜಾಗಕ್ಕೆ ಇಂಗು ಬಂತು. ಯೂರೋಪಿನ ಜೊತೆ ನಾನು ಮಾಡಿಕೊಂಡ ಮೊದಲ ರಾಜಿ ಅದು.

ಭಾನುವಾರ ಬೆಳಿಗ್ಗೆ ಪಂಚೆ ಮೇಲೆತ್ತಿ ಕಟ್ಟಿ ರಣರಂಗಕ್ಕಿಳಿದೆ. ನಾನೇನು ಕೈಗೆ ಬಂದ ಹಾಗೆ ಹೊಸೆಯುವ ಹೆಂಗಸೇ? ಪ್ರೆಟ್ಜೆಲ್ಲಿಗೆ ಮೊದಲು ಡ್ರಾಯಿಂಗ್ ಬರೆದೆ. ಮೇಲಿನಿಂದ ಕಂಡಂತೆ, ಪಕ್ಕದಿಂದ ಕಂಡಂತೆ, ನಡುವೆ ಕೊಯ್ದರೆ ಕಾಣುವಂತೆ! ಟೂಲ್‌ರೂಮಿನ ಗೆಳೆಯನಿಂದ ತಗಡಿನಲ್ಲಿ ಅದಕ್ಕೊಂದು ಗೇಜನ್ನೂ ಕತ್ತರಿಸಿ ತಂದಿದ್ದೆ. ಆ ಗೇಜಿನೊಳಗೆ ಕೂತದ್ದು ಪ್ರೆಟ್ಜೆಲ್, ಕೂರದ್ದು ರಿಜೆಕ್ಟ್.

ಹಲಸೂರಿನ ಬೇಕರಿ ಸನಾವುಲ್ಲಾನಿಂದ ತಂದ ಈಸ್ಟ್ ಬೆರೆಸಿ ಹಿಟ್ಟು ನಾದಿದೆ, ಹಗ್ಗದಂತೆ ಹೊಸೆದೆ, ಗಂಟು ಹಾಕಿದೆ. ಒಂದೊಂದನ್ನೂ ಗೇಜಿನೊಳಗೆ ಇಟ್ಟು ನೋಡಿದೆ. ಪಾಸ್! ಪಾಸ್! ಪಾಸ್! ಒಂದು ತಟ್ಟೆಯ ತುಂಬ ಜರ್ಮನಿ ಜೋಡಿಸಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಹೆಮ್ಮೆಯಿಂದ ಒಂದು ಲೋಟ ಕಾಫಿ ಕುಡಿದು ಬಂದೆ.

ಬಟ್ಟೆ ತೆಗೆದು ನೋಡಿದೆ. ನನ್ನ ಮೊಹರು ಬಿದ್ದ ಮಾಲು ನನ್ನ ಬೆನ್ನ ಹಿಂದೆ ದಪ್ಪಗಾಗಿತ್ತು! ಗೇಜಿಗೆ ಇಟ್ಟು ನೋಡಿದರೆ ಒಂದೂ ಕೂರಲಿಲ್ಲ.

“ರಿಜೆಕ್ಟ್!” ಎಂದು ಕೂಗಿದೆ.

ಅಂಬುಜಾ ಬಾಗಿಲಿಂದಲೇ ಇಣುಕಿದಳು. “ಹಿಟ್ಟು ಅಂದ್ಮೇಲೆ ಉಬ್ಬುತ್ತೆ ರೀ. ಇಡ್ಲಿ ಹಿಟ್ಟು ಉಬ್ಬಲ್ವಾ?”

“ಇಡ್ಲಿಗೆ ಡ್ರಾಯಿಂಗ್ ಇದೆಯೇನೇ?”

“ಇಲ್ಲ. ಅದಕ್ಕೇ ತಿನ್ನೋ ಹಾಗಿರುತ್ತೆ.”

ಇಂಥ ಅಶಿಸ್ತಿನ ಮಾತಿಗೆ ಉತ್ತರ ಕೊಡುವುದು ಇನ್‌ಸ್ಪೆಕ್ಟರನ ಘನತೆಗೆ ತಕ್ಕದ್ದಲ್ಲ. ಉಬ್ಬಿದ್ದನ್ನೆಲ್ಲ ಗುದ್ದಿ ಚಪ್ಪಟೆ ಮಾಡಿ ಮತ್ತೆ ನಾದಿದೆ. ಮತ್ತೆ ಹೊಸೆದೆ, ಮತ್ತೆ ಪಾಸ್ ಮಾಡಿದೆ. ಅದು ಮತ್ತೆ ಉಬ್ಬಿತು! ನಾನು ಮತ್ತೆ ಗುದ್ದಿದೆ. ನನ್ನ ಕಣ್ಣೆದುರಿಗೇ ಒಂದು ಯಃಕಶ್ಚಿತ್ ಮೈದಾ ಅಳತೆ ಮೀರುವುದೆಂದರೇನು? ಮಧ್ಯಾಹ್ನದ ಊಟದ ಹೊತ್ತಾಯಿತು, ಊಟದ ಹೊತ್ತು ಮೀರಿತು. ನನಗೂ ಹಿಟ್ಟಿಗೂ ನಡೆದ ಆ ಕಾಳಗವನ್ನು ಪಕ್ಕದ ಮನೆಯ ಮಂಜುಳಮ್ಮ ಕಾಂಪೌಂಡಿನ ಮೇಲಿಂದ ನೋಡಿ, “ಪಾಪ, ಯಾರ್ ಮೇಲಿನ್ ಸಿಟ್ಟೋ ಏನೋ” ಎಂದು ಲೊಚಗುಟ್ಟಿದರು. ಗುದ್ದುವಾಗ ತೀರಾ ಹಟ ಮಾಡಿದ ಅರ್ಧ ಪಾಲು ಹಿಟ್ಟನ್ನು ಪಾತ್ರೆಯೊಂದಕ್ಕೆ ಎಸೆದು, “ಇದು ಸ್ಕ್ರ್ಯಾಪು. ಹಸುವಿಗೆ ಹಾಕು” ಎಂದು ಅಂಬುಜಾಳ ಕೈಗೆ ಕೊಟ್ಟೆ. ಅವಳು ಏನೂ ಮಾತಾಡದೆ ತೆಗೆದುಕೊಂಡು ಹೋದಳು. ಹೆಂಡತಿ ಮಾತಾಡದೆ ಹೋದಾಗ ಗಂಡನಾದವನು ಹೆದರಬೇಕು. ನನಗೆ ಪುರಸೊತ್ತಿರಲಿಲ್ಲ.

ಉಳಿದರ್ಧ ಕೊನೆಗೆ ಶರಣಾಯಿತು. ಉಬ್ಬುವುದನ್ನು ಬಿಟ್ಟು, ಇಟ್ಟಲ್ಲೇ ಇಟ್ಟಂತೆ ಬಿದ್ದುಕೊಂಡಿತು. ಅದನ್ನು ನಾನು ಶಿಸ್ತು ಎಂದುಕೊಂಡೆ. ಅದಕ್ಕೆ ಪ್ರಾಣ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು. ಬೇಯಿಸುವ ಮುಂಚೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದರೆ ಒಳ್ಳೆಯ ಬಣ್ಣ ಬರುತ್ತದೆ ಎಂದು ಪತ್ರಿಕೆ ಹೇಳಿತ್ತು. ಚಮಚ ಹಾಕಿದರೆ ಬಣ್ಣ ಬರುವುದಾದರೆ ಪೊಟ್ಟಣ ಹಾಕಿದರೆ ಎಷ್ಟು ಬಂದೀತು ಎಂದು ಪೊಟ್ಟಣವನ್ನೇ ಸುರಿದೆ. ಮೇಲೆ ಉಪ್ಪು, ಇಂಗು, ಮೆಣಸಿನ ಪುಡಿ ಉದುರಿಸಿ, ಟ್ರೇಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಹಲಸೂರಿಗೆ ತುಳಿದೆ. ಕ್ರಿಸ್‌ಮಸ್ ಬಂದರೆ ಆ ಕಡೆಯವರೆಲ್ಲ ಮನೆಯಲ್ಲಿ ಕಲಸಿದ ಕೇಕನ್ನು ಬೇಕರಿಯ ಭಟ್ಟಿಗೆ ಹೊತ್ತು ತಂದು ಬೇಯಿಸಿಕೊಂಡು ಹೋಗುವ ರೂಢಿ. ಆಷಾಢದಲ್ಲಿ ತಂದವನು ನಾನೇ ಮೊದಲಿರಬೇಕು.

ಭಟ್ಟಿಯಿಂದ ಟ್ರೇ ಹೊರಗೆಳೆದ ಸನಾವುಲ್ಲಾ ಒಂದು ಪ್ರೆಟ್ಜೆಲ್ಲನ್ನು ಎತ್ತಿ ಹಲಗೆಯ ಮೇಲೆ ಕುಟ್ಟಿದ. ಹಲಗೆಯಲ್ಲಿ ಗುರುತು ಬಿತ್ತು.

“ಕ್ಯಾ ಸಾಬ್, ಇದು ತಿನ್ನಕ್ಕಾ, ಮನೆ ಕಟ್ಟಕ್ಕಾ?”

“ಜರ್ಮನ್ ಮಾಲು ಸನಾವುಲ್ಲಾ. ಗಟ್ಟಿಯಾಗೇ ಇರುತ್ತೆ!” ಎಂದು ಗಂಭೀರವಾಗಿ ಕಟ್ಟಿಸಿಕೊಂಡು ಬಂದೆ.

ಸಂಜೆ ಚೀಫ್ ಬಂದರು. ನಮ್ಮ ಸೆಕ್ಷನ್ನಿನ ನಾಲ್ಕಾರು ಮಂದಿ ಬಂದರು. ತನ್ನ ಸೋಲನ್ನು ಕಣ್ಣಾರೆ ನೋಡಲಿ ಎಂದು ನಾನೇ ಕರೆದಿದ್ದ ಮುನಿರಾಜಪ್ಪನೂ ಬಂದ. ಬಂದವನು ಅಂಬುಜಾಗೆ ಹೂವಿನ ಪೊಟ್ಟಣ ಕೊಟ್ಟು, ಎಲ್ಲರಿಗೂ ಕೇಳುವಂತೆ, “ಆಷಾಢದಲ್ಲಿ ಮದ್ವೆ ಆದೋರ್ನ ನಾನು ಇದೇ ಮೊದಲು ನೋಡ್ತಿರೋದು ಗುರುಗಳೇ!” ಎಂದ. ನಾನು ಕೇಳಿಸಲಿಲ್ಲವೆಂಬಂತೆ ನಡೆದು, ತಟ್ಟೆಯ ಮೇಲಿನ ಜರಿ ಬಟ್ಟೆಯನ್ನು ವಿಗ್ರಹ ಅನಾವರಣ ಮಾಡುವವನ ಹಾಗೆ ಸರಿಸಿದೆ.

“ಸಾರ್, ಪ್ರೆಟ್ಜೆಲ್!”

ಚೀಫ್ ಕಣ್ಣಲ್ಲಿ ನೀರೇ ಬಂತು. ಒಂದನ್ನು ಎತ್ತಿ ಕಚ್ಚಿದರು. ಕಟಕ್ಕೆಂದು ಸದ್ದಾಯಿತು. ಸದ್ದು ಮಾಡಿದ್ದು ಪ್ರೆಟ್ಜೆಲ್ಲೋ ಹಲ್ಲೋ ಯಾರಿಗೂ ತಿಳಿಯಲಿಲ್ಲ. ಅವರು ದವಡೆ ಹಿಡಿದುಕೊಂಡು ಅದನ್ನು ಮೇಜಿನ ಮೇಲೆ ಕುಟ್ಟಿ, ಕಿವಿಯ ಹತ್ತಿರ ಹಿಡಿದು, ಮತ್ತೆ ಕುಟ್ಟಿದರು.

“ಹಾರ್ಡ್‌ನೆಸ್ ಟೆಸ್ಟ್ ಪಾಸು ಸಾರ್!” ಎಂದ ಮುನಿರಾಜಪ್ಪ.

“ಬಾಯಲ್ಲಿ ಏನೋ ಬಟ್ಟೆ ಸೋಪಿನ ರುಚಿ ಬರ್ತಾ ಇದೆಯಲ್ಲಯ್ಯಾ ಅನಂತರಾಮು?” ಎಂದರು ಚೀಫ್.

ನನ್ನ ಜರ್ಮನಿ ಕಣ್ಣೆದುರೇ ಮುಳುಗತೊಡಗಿತು. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಘಮ್ಮೆಂದು ಎಣ್ಣೆ ಕಾದ ವಾಸನೆ ಬಂತು. ಹಿಂದೆಯೇ ಅಂಬುಜಾ ಬಂದಳು, ಕೈಯಲ್ಲಿ ಒಂದು ಬೇಸಿನ್. ಅದರಲ್ಲಿ ಕೆಂಪಗೆ ಕರಿದ, ಒಂದರ ಹಾಗೆ ಒಂದಿಲ್ಲದ, ಯಾವ ಗೇಜಿಗೂ ತಲೆಬಾಗದ ಪುಟ್ಟ ಪುಟ್ಟ ಗಂಟುಗಳು! ಹಸುವಿಗೆ ಹಾಕು ಎಂದು ನಾನು ಎಸೆದ ಸ್ಕ್ರ್ಯಾಪಿಗೆ ಅವಳು ಅಕ್ಕಿ ಹಿಟ್ಟು, ಖಾರದ ಪುಡಿ, ಓಮ, ಇನ್ನೂ ಏನೇನೋ ಸೇರಿಸಿ ಕರಿದಿದ್ದಳು.

ಚೀಫ್ ಅನುಮಾನದಿಂದ ಒಂದನ್ನು ಮುರಿದರು. ಗರಿಗರಿ ಎಂದಿತು. ಇನ್ನೊಂದು ತೆಗೆದುಕೊಂಡರು. ಆಮೇಲೆ ಬೇಸಿನ್ನನ್ನೇ ಮಡಿಲಿಗೆ ಎಳೆದುಕೊಂಡರು.

“ಅದ್ಭುತ! ಸ್ಟುಟ್‌ಗಾರ್ಟ್ ಏನು, ಇಡೀ ಜರ್ಮನಿಯಲ್ಲಿ ಇಂಥದ್ದು ಸಿಗಲ್ಲ! ಇದನ್ನ ಮಾಡಿದ್ದು ಯಾರು?”

ಅಂಬುಜಾ ಬಾಯಿ ತೆರೆದಳು. ಅವಳಿಗಿಂತ ಮೊದಲು ನನ್ನ ಬಾಯಿ ತೆರೆಯಿತು.

“ನಾನೇ ಸಾರ್! ಮೊದಲ್ನೇದು ಸುಮ್ನೆ ಟ್ರಯಲ್ಲು. ಇದು ಫೈನಲ್ಲು! ಎಲ್ಲಾ ನನ್ನದೇ ಡಿಸೈನು!”

ಅಂಬುಜಾ ನನ್ನನ್ನು ಒಮ್ಮೆ ನೋಡಿದಳು. ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಮಾಲನ್ನು ನಾನು ನೋಡುತ್ತಿದ್ದದ್ದು ಹಾಗೆಯೇ.

“ನಮ್ಮೆಜಮಾನ್ರ ಕೈ ಅಂದ್ರೆ ಕೈ ಸಾರ್. ಒಳಗೆ ಇನ್ನೂ ಇದೆ, ತರ್ತೀನಿ” ಎಂದು ನಗುನಗುತ್ತಾ ಒಳಗೆ ಹೋದಳು.

“ಇಂಥಾ ಕೈ ಇನ್‌ಸ್ಪೆಕ್ಷನ್‌ನಲ್ಲಿ ವೇಸ್ಟ್ ಆಗ್ತಾ ಇದೆ ಸಾರ್” ಎಂದು ಮುನಿರಾಜಪ್ಪ ಬಹಳ ಮರುಕದಿಂದ ಹೇಳಿದ. ಚೀಫ್ ಬಾಯ್ತುಂಬ ತುಂಬಿಕೊಂಡೇ ತಲೆಯಾಡಿಸಿದರು. ಆ ತಲೆಯಾಟದಲ್ಲಿ ನನಗೆ ವಿಮಾನದ ಸದ್ದು ಕೇಳಿಸಿತು! ಅಂದು ಮಲಗುವ ಮುಂಚೆ ಉಣ್ಣೆ ಕೋಟಿನ ಬಣ್ಣವನ್ನೂ ತೀರ್ಮಾನಿಸಿಬಿಟ್ಟೆ.

ಸೋಮವಾರ ಚೀಫ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು.

“ಮುನಿರಾಜಪ್ಪ, ನೀನು ಜರ್ಮನಿಗೆ ಹೊರಡೋಕೆ ರೆಡಿಯಾಗು.”

“ಸಾರ್, ನಾನು?” ಎಂದೆ.

“ನಿನ್ನನ್ನ ಬಿಟ್ಟುಕೊಡೋಕೆ ಆಗುತ್ತೇನಯ್ಯಾ? ನಮ್ಮ ಕ್ಯಾಂಟೀನ್ ತಿಂಡಿ ಸರಿಯಿಲ್ಲ ಅಂತ ಯೂನಿಯನ್‌ನವರು ದಿನಾ ಗಲಾಟೆ. ಕಮಿಟಿ ಜವಾಬ್ದಾರಿ ನನ್ನ ತಲೆಗೆ ಕಟ್ಟಿದಾರೆ. ನಾಳೆಯಿಂದ ಕ್ಯಾಂಟೀನ್ ತಿಂಡಿಯ ಉಸ್ತುವಾರಿ ನಿಂದು. ಅಡುಗೆಯವರಿಗೆಲ್ಲ ನಿನ್ನ ಆ ಫೈನಲ್ ಡಿಸೈನು ಕಲಿಸಿಕೊಡು!”

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡದೇ ಇದ್ದದ್ದನ್ನು ಉಣ್ಣಬೇಕಾಗಿ ಬಂದಿತ್ತು! ಹೊರಗೆ ಬಂದ ಮೇಲೆ ಮುನಿರಾಜಪ್ಪ ನನ್ನ ಕೈ ಕುಲುಕಿ, “ಗುರುಗಳೇ, ಸ್ಟುಟ್‌ಗಾರ್ಟಿಂದ ಏನಾದ್ರೂ ತರ್ಲಾ? ಪ್ರೆಟ್ಜೆಲ್ ಬೇಡ ತಾನೆ?” ಎಂದ. ಅವನ ಮುಖಕ್ಕೆ ಗುದ್ದಬೇಕೆನ್ನಿಸಿತು. ಹಿಂದಿನ ದಿನವೆಲ್ಲ ಹಿಟ್ಟನ್ನು ಗುದ್ದಿ ಗುದ್ದಿ ಕೈ ಮೇಲಕ್ಕೇಳಲಿಲ್ಲ.

ಸಂಜೆ ಮನೆಗೆ ಓಡಿ ಬಂದವನೇ ಅಂಬುಜಾಳ ಮುಂದೆ ಕೂತೆ.

“ಅಂಬುಜಾ, ಅದಕ್ಕೆ ಏನೇನ್ ಹಾಕಿದೆ ಹೇಳೇ! ನಾಳೆ ಬೆಳಿಗ್ಗೆ ಕ್ಯಾಂಟೀನಿನ ಭಟ್ಟರೆಲ್ಲ ಕಾಯ್ತಿರ್ತಾರೆ.”

“ನಾನೇನು ಹಾಕ್ದೆ? ಎಲ್ಲಾ ನಿಮ್ದೇ ಡಿಸೈನಲ್ವಾ?”

“ತಪ್ಪಾಯ್ತು ಮಾರಾಯ್ತಿ! ನಾಳೆ ಚೀಫ್ ಹತ್ರ ಹೋಗಿ ನಿಜ ಹೇಳ್ಬಿಡ್ತೀನಿ. ಮಾಡಿದ್ದು ನನ್ನ ಹೆಂಡ್ತಿ ಅಂತೀನಿ. ಆಗಲಾದ್ರೂ ಕ್ಯಾಂಟೀನ್ ಬಿಡಿಸಿ ಜರ್ಮನಿಗೆ ಕಳಿಸ್ತಾರೇನೋ!”

ಅಂಬುಜಾ ಹೂ ಕಟ್ಟುವುದನ್ನು ನಿಲ್ಲಿಸಲೇ ಇಲ್ಲ.

“ಅವರಿಗೆ ಗೊತ್ತಿದೆ ರೀ. ನಿನ್ನೆ ಹೋಗ್ತಾ ಗೇಟ್ ಹತ್ರ, ‘ನಿಜ ಹೇಳಮ್ಮಾ, ಇದು ನಿನ್ನ ಕೈರುಚಿ ತಾನೆ?’ ಅಂತ ಕೇಳಿದ್ರು. ಹೂಂ ಅಂದೆ.”

“ಗೊತ್ತಿದ್ದೂ ನನ್ನನ್ಯಾಕೆ ಕ್ಯಾಂಟೀನಿಗೆ ಹಾಕಿದ್ರು?”

“ಅದನ್ನೂ ಹೇಳಿದ್ರು. ‘ಇವನನ್ನ ಜರ್ಮನಿಗೆ ಕಳಿಸಿದ್ರೆ, ವಿಮಾನ ಕಂಡುಹಿಡಿದೋನೂ ನಾನೇ ಅಂತ ಹೇಳ್ಕೊಂಡು ಬರ್ತಾನಮ್ಮಾ. ಇಲ್ಲೇ ಇದ್ರೆ ಕೋಡುಬಳೆಗೇ ನಿಲ್ಲುತ್ತೆ!’ ಅಂದ್ರು.”