ಮದುಮಗನಿಗೊಂದು ಮುಖ

ಎಸ್ಕಿಲ್ ಮಾಡಿದ ತಪ್ಪು ಒಂದೇ. ಬೋದಿಲ್ ಮನೆಯ ಗ್ಯಾರೇಜಿನಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದಾಗ, "ಹಳೇ ಫೋಟೊ ರಿಪೇರಿ ಮಾಡೋದು ಯಾರಿಗೆ ಬರುತ್ತೆ?" ಎಂದು ಆಕೆ ಕೇಳಿದಳು. ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಬಿಯರ್ ಬಾಟಲಿಯ ಮೇಲಿನ ಚೀಟಿ ಓದತೊಡಗಿದರು. ಎಸ್ಕಿಲ್ ಮಾತ್ರ, "ಅದೇನು ಮಹಾ, ಕಂಪ್ಯೂಟರಿಗೆ ಕೊಟ್ರೆ ಅದೇ ಮಾಡುತ್ತೆ" ಎಂದುಬಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಪಾಲಿಗೆ ರೆಂಬೆ ಕಡಿಯುವ ಕೆಲಸ ಬರುತ್ತಿತ್ತು. ಹೆಚ್ಚೆಂದರೆ ಒಂದು ಬೆರಳು ಹೋಗುತ್ತಿತ್ತು, ಅಷ್ಟೇ.

ವಿಷಯ ಏನೆಂದರೆ, ತೋರ್ವಾಲ್ ಮತ್ತು ಗ್ರೇಟೆ ದಂಪತಿಯ ಚಿನ್ನದ ಮದುವೆ ಹತ್ತಿರ ಬಂದಿತ್ತು. ನಮ್ಮ ಲಿಂದೆವೈ ಬೀದಿಯಲ್ಲಿ ಯಾರ ಮದುವೆಗಾದರೂ ಐವತ್ತು ವರ್ಷ ತುಂಬಿದರೆ, ನೆರೆಹೊರೆಯವರು ಗುಟ್ಟಾಗಿ ರೆಂಬೆಗಳಿಂದ ಹಸಿರು ಕಮಾನು ಕಟ್ಟಿ, ಬೆಳಗಾಗುತ್ತಿದ್ದಂತೆ ಅವರ ಬಾಗಿಲಿಗೆ ನಿಲ್ಲಿಸಿ, ತುತ್ತೂರಿ ಊದಿ ಹಾಡು ಹೇಳಿ ಅವರನ್ನು ಹಾಸಿಗೆಯಿಂದ ಎಬ್ಬಿಸಬೇಕು. ಅವರು ರಾತ್ರಿಯುಡುಪಿನಲ್ಲೇ ಹೊರಗೆ ಬಂದು ಆಶ್ಚರ್ಯಪಡಬೇಕು. ಒಳಗೆ ನಲವತ್ತು ಜನಕ್ಕೆ ಬನ್ನು, ಚೀಸು, ಕಾಫಿ ಹಿಂದಿನ ದಿನವೇ ತಯಾರಾಗಿದ್ದರೂ ಆಶ್ಚರ್ಯ ಮಾತ್ರ ಪಡಲೇಬೇಕು. ಈ ಸಲ ಕಮಾನಿನ ನೆತ್ತಿಯ ಮೇಲೆ ಅವರ ಮದುವೆಯ ಫೋಟೊವನ್ನು ಬಾಗಿಲಗಲ ದೊಡ್ಡದು ಮಾಡಿ ಕಟ್ಟಬೇಕೆಂದು ಬೋದಿಲ್ ತೀರ್ಮಾನಿಸಿದ್ದಳು. ಬೋದಿಲ್ ತೀರ್ಮಾನಿಸಿದ ಮೇಲೆ ನಮ್ಮ ಬೀದಿಯಲ್ಲಿ ಅಪೀಲಿಲ್ಲ.

ತೊಂದರೆ ಇದ್ದದ್ದು ಆ ಫೋಟೊದಲ್ಲಿ. ಯಾವುದೋ ಕಾಲದಲ್ಲಿ ಅವರ ನೆಲಮಾಳಿಗೆಗೆ ನೀರು ನುಗ್ಗಿ ಆಲ್ಬಮ್ಮುಗಳೆಲ್ಲ ಗಂಜಿಯಾಗಿದ್ದವು. ಉಳಿದದ್ದು ಇಸ್ಪೀಟೆಲೆಯಷ್ಟು ದೊಡ್ಡ ಒಂದೇ ಒಂದು ಫೋಟೊ. ಅದರಲ್ಲಿ ಗ್ರೇಟೆ ಮಸುಕು ಮಸುಕಾಗಿ ಕಾಣುತ್ತಿದ್ದಳು. ಪಕ್ಕದಲ್ಲಿ ಒಂದು ಸೂಟು, ಟೈ, ಜೇಬಿಗೆ ಸಿಕ್ಕಿಸಿದ ಹೂವು. ಅದರ ಮೇಲೆ ಮುಖ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಕಲೆ.

"ಗ್ರೇಟೆ, ನೀನು ಮೋಡಾನ ಮದುವೆಯಾದೆಯಲ್ಲೇ!" ಎಂದು ಬಂದವರೆಲ್ಲ ತಮಾಷೆ ಮಾಡುತ್ತಿದ್ದರು. ತೋರ್ವಾಲನೂ ನಗುತ್ತಿದ್ದ. ಆದರೆ ಒಂದು ದಿನ ಬೇಲಿಯ ಗಿಡ ಕತ್ತರಿಸುವಾಗ ಆಚೆಯಿಂದ ಎಸ್ಕಿಲ್‌ಗೆ ಹೇಳಿದ್ದ: "ಇಷ್ಟು ವರ್ಷದಿಂದ ಅವಳ ಪಕ್ಕದಲ್ಲೇ ಇದ್ದೀನಿ ಕಣೋ. ಆ ಫೋಟೊದಲ್ಲಿ ಮಾತ್ರ ಇಲ್ಲ. ನಾನು ಹೋದ ಮೇಲೆ ಮೊಮ್ಮಕ್ಕಳು ಅದನ್ನ ನೋಡಿ ಯಾರು ಅಂದ್ಕೋತಾರೆ?" ಎಸ್ಕಿಲ್ ಗ್ಯಾರೇಜಿನಲ್ಲಿ ಬಾಯಿಬಿಟ್ಟದ್ದು ಆ ಮಾತು ನೆನಪಾಗಿ. ಪಾಪ, ಮನಸ್ಸು ಒಳ್ಳೆಯದೇ.

ತೋರ್ವಾಲ್-ಗ್ರೇಟೆಯ ಮಗಳ ಕೈಯಿಂದ ಬೋದಿಲ್ ಫೋಟೊವನ್ನು ಗುಟ್ಟಾಗಿ ತರಿಸಿದಳು. ಜೊತೆಗೆ, ತೋರ್ವಾಲ್ ಪ್ರಾಯದಲ್ಲಿದ್ದಾಗ ಮೀನು ಹಿಡಿಯುವ ಸಂಘದವರ ಜೊತೆ ನಿಂತಿದ್ದ ಇನ್ನೊಂದು ಫೋಟೊ. ಎಸ್ಕಿಲ್ ಹಳೆಯ ಚಿತ್ರಗಳನ್ನು ಹೊಸದು ಮಾಡುವ ಒಂದು ಪ್ರೋಗ್ರಾಮನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಮೊದಲು ಅದನ್ನು ಪರೀಕ್ಷೆ ಮಾಡಲು ತನ್ನದೇ ಒಂದು ಹಳೆಯ ಫೋಟೊ ಹಾಕಿದ. ಯಾರೋ ಸ್ನೇಹಿತ ಆ ವಾರವಷ್ಟೇ ಕಳಿಸಿದ್ದು, ಎಸ್ಕಿಲ್‌ಗೆ ಇಪ್ಪತ್ತೈದಿದ್ದಾಗ ತೆಗೆದದ್ದು. ಯಂತ್ರ ಒಂದು ಗಳಿಗೆ ಯೋಚಿಸಿ ಹೊಸ ಚಿತ್ರ ಕೊಟ್ಟಿತು. ಅಬ್ಬಾ! ತಲೆತುಂಬ ಹೊಂಬಣ್ಣದ ಕೂದಲು, ಗಟ್ಟಿ ದವಡೆ, ತುಂಟ ಕಣ್ಣು. ಅವನ ಹೆಂಡತಿ ಡೋರ್ಟೆ ಅವನನ್ನು ಮೊದಲು ನೋಡಿದ್ದೇ ಅವನಿಗೆ ನಲವತ್ತೈದು ದಾಟಿದ ಮೇಲೆ. ಅಷ್ಟರಲ್ಲಿ ಕೂದಲು ಹೊರಟು ಹೋಗಿತ್ತು, ಹೊಟ್ಟೆ ಬಂದು ಸೇರಿತ್ತು. ಎಸ್ಕಿಲ್ ತನ್ನನ್ನು ತಾನೇ ನೋಡುತ್ತ ಕೂತು ಕಾಫಿ ಆರಿಸಿಕೊಂಡ.

ಆಮೇಲೆ ಮದುವೆಯ ಫೋಟೊ ಹಾಕಿದ. "ಮುಖ ಕಾಣುತ್ತಿಲ್ಲ, ಇದೇ ವ್ಯಕ್ತಿಯ ಇನ್ನೊಂದು ಚಿತ್ರ ಕೊಡಿ" ಎಂದು ಯಂತ್ರ ಕೇಳಿತು. ಮೀನುಗಾರರ ಫೋಟೊ ಕೊಟ್ಟ. ಕೊಟ್ಟೆ ಎಂದುಕೊಂಡ. ಬಂದ ಚಿತ್ರದಲ್ಲಿ ಅವನು ಹಿಗ್ಗಿಸಿ ನೋಡಿದ್ದು ಗ್ರೇಟೆಯ ತಲೆಯ ಮೇಲಿನ ಲೇಸನ್ನು ಮಾತ್ರ. ಯಾಕೆಂದರೆ ಬೋದಿಲ್, "ಆ ಲೇಸು ಅವಳಜ್ಜಿ ಹೆಣೆದದ್ದು, ಒಂದು ತೂತು ಹೆಚ್ಚುಕಮ್ಮಿ ಆದ್ರೂ ಗ್ರೇಟೆಗೆ ಗೊತ್ತಾಗುತ್ತೆ, ಹುಷಾರು" ಎಂದು ಹೆದರಿಸಿದ್ದಳು. ಲೇಸು ಅದ್ಭುತವಾಗಿತ್ತು. ಮುದ್ರಣದಂಗಡಿಗೆ ಕಳಿಸಿದ. ಕಮಾನು ನಿಲ್ಲಿಸುವ ಹಿಂದಿನ ದಿನ ಅಂಗಡಿ ಮುಚ್ಚುವ ಹೊತ್ತಿಗೆ ಓಡಿಹೋಗಿ, ಸುರುಳಿ ಸುತ್ತಿ ಕೊಳವೆಯಲ್ಲಿ ಹಾಕಿಟ್ಟದ್ದನ್ನು ಹಾಗೇ ಎತ್ತಿಕೊಂಡು ಬಂದ.

ಬೆಳಗಿನ ಮಂಜಿನಲ್ಲಿ ಬೀದಿಯವರೆಲ್ಲ ಉಸಿರು ಬಿಗಿಹಿಡಿದು ತೋರ್ವಾಲನ ಬಾಗಿಲಿಗೆ ಕಮಾನು ನಿಲ್ಲಿಸಿದರು. ಬೋದಿಲ್ ಏಣಿ ಹತ್ತಿ, ಸುರುಳಿ ಬಿಚ್ಚಿ, ನಾಲ್ಕು ಮೂಲೆಗೂ ಮೊಳೆ ಹೊಡೆದು ಕೆಳಗಿಳಿದಳು. ಎಲ್ಲರೂ ತಲೆ ಎತ್ತಿ ನೋಡಿದರು. ಎಸ್ಕಿಲ್ ಕೂಡ ನೋಡಿದ.

ಕಮಾನಿನ ಮೇಲೆ, ಗ್ರೇಟೆಯ ತೋಳು ಹಿಡಿದುಕೊಂಡು, ಎಸ್ಕಿಲ್ ನಿಂತಿದ್ದ.

ಪರೀಕ್ಷೆಗೆಂದು ಹಾಕಿದ್ದ ತನ್ನ ಫೋಟೊವನ್ನು ಅವನು ಪ್ರೋಗ್ರಾಮಿನಿಂದ ತೆಗೆದೇ ಇರಲಿಲ್ಲ. ಯಂತ್ರ ಅದನ್ನೇ ಮದುಮಗನ ಮುಖವೆಂದು ತಿಳಿದು ನಿಷ್ಠೆಯಿಂದ ಕೆಲಸ ಮುಗಿಸಿತ್ತು. ಎಸ್ಕಿಲ್ ಓಡಿಹೋಗಿ ಏಣಿ ಹಿಡಿದುಕೊಂಡ.

"ಬೋದಿಲ್, ಒಂದು ನಿಮಿಷ. ಇದನ್ನ ಕೆಳಗಿಳಿಸ್ಬೇಕು. ಬಣ್ಣ ಸರಿಯಿಲ್ಲ."

"ಮುಟ್ಟಿದ್ರೆ ಕೈ ಮುರೀತೀನಿ. ಈಗ ತಾನೇ ಮೊಳೆ ಹೊಡೆದಿದ್ದೀನಿ. ಎಷ್ಟು ಚೆನ್ನಾಗಿ ಬಂದಿದೆ! ನೋಡು, ನೋಡು, ಹೇಗಿದ್ದ ನಮ್ಮ ತೋರ್ವಾಲ್! ಆ ಕಾಲದ ಗಂಡಸರೇ ಬೇರೆ ಕಣಯ್ಯಾ. ನಿನ್ನಂಥೋರು ಈಗ ಇದ್ದೀರ, ಏನು ಪ್ರಯೋಜನ?"

ಎಸ್ಕಿಲ್ ಸುಮ್ಮನಾಗಲಿಲ್ಲ. ಒಂದು ದಪ್ಪ ರೆಂಬೆ ಎತ್ತಿಕೊಂಡು ಏಣಿ ಹತ್ತಿ, ಮದುಮಗನ ಮುಖದ ಮೇಲೆ ಅದನ್ನು ಸಿಕ್ಕಿಸಿದ. ಕೆಳಗಿನಿಂದ ಯಾರೋ, "ಏ, ಮುಖ ಮುಚ್ಚಿಹೋಯ್ತು!" ಎಂದು ಕೋಲಿನಿಂದ ಅದನ್ನು ಬೀಳಿಸಿದರು. ಇನ್ನೊಂದು ಸಿಕ್ಕಿಸಿದ. ಅದೂ ಬಿತ್ತು. ಮೂರನೆಯದಕ್ಕೆ ಕೈ ಚಾಚುವಷ್ಟರಲ್ಲಿ ತುತ್ತೂರಿ ಮೊಳಗಿತು, ಹಾಡು ಶುರುವಾಯಿತು, ಬಾಗಿಲು ತೆರೆಯಿತು. ತೋರ್ವಾಲ್ ಪಟ್ಟೆಪಟ್ಟೆಯ ಪೈಜಾಮದಲ್ಲಿ, ಗ್ರೇಟೆ ನೀಲಿ ಗೌನಿನಲ್ಲಿ ಹೊರಗೆ ಬಂದು ನಿಯಮದ ಪ್ರಕಾರ ಆಶ್ಚರ್ಯಪಟ್ಟರು.

ಎಸ್ಕಿಲ್ ಏಣಿಯ ತುದಿಯಲ್ಲೇ ಸಿಕ್ಕಿಬಿದ್ದ. ಅವನ ಮುಖದ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರದಲ್ಲಿ, ಅವನದೇ ಮುಖ. ಇಡೀ ಬೀದಿ ಎರಡನ್ನೂ ಒಟ್ಟಿಗೆ ನೋಡುತ್ತಿತ್ತು. ಮುಗಿಯಿತು ನನ್ನ ಕತೆ ಎಂದು ಎಸ್ಕಿಲ್ ಕಣ್ಣು ಮುಚ್ಚಿಕೊಂಡ. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದ. ಒಬ್ಬರಿಗೂ ಹೋಲಿಕೆ ಹೊಳೆದಿರಲಿಲ್ಲ. "ಎಸ್ಕಿಲ್, ಇಳಿಯೋ, ಅಡ್ಡ ನಿಂತಿದ್ದೀಯ, ಚೆನ್ನಾಗಿರೋ ಮುಖ ಕಾಣ್ತಿಲ್ಲ!" ಎಂದು ಯಾರೋ ಕೂಗಿದರು. ಬದುಕಿದೆ ಎಂದು ಸಮಾಧಾನವಾಯಿತು. ಮರುಗಳಿಗೆಯೇ ಒಂದಿಷ್ಟೂ ಹೋಲುವುದಿಲ್ಲವೇ ಎಂದು ಹೊಟ್ಟೆ ಉರಿಯಿತು.

ತೋರ್ವಾಲ್ ಕನ್ನಡಕ ಹಾಕಿಕೊಂಡು ಮೇಲೆ ನೋಡಿದ. ನೋಡುತ್ತಲೇ ಇದ್ದ. ಹಾಡುವವರು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ನಾನು," ಎಂದ ತೋರ್ವಾಲ್. "ಗ್ರೇಟೆ, ನೋಡೇ. ನಾನೂ ಇದ್ದೀನಿ."

ಅವನ ತಮ್ಮ ಸ್ವೆಂದ್ ಗುಂಪಿನಿಂದ ಮುಂದೆ ಬಂದ. "ಅಪ್ಪನ ದವಡೆ! ಅಚ್ಚು ಅಪ್ಪನ ದವಡೆ! ನಮ್ಮ ಮನೆತನದ ದವಡೆ ಇನ್ಯಾರಿಗೂ ಬರಲ್ಲ!" ಎಂದು ಎಲ್ಲರಿಗೂ ತನ್ನ ದವಡೆ ಹಿಡಿದು ತೋರಿಸಿದ. ಎಲ್ಲರೂ ನೋಡಿ, ಹೌದು ಹೌದು ಎಂದರು.

ತೋರ್ವಾಲ್ ಏಣಿಯ ಬುಡಕ್ಕೆ ಬಂದು, ಇಳಿಯುತ್ತಿದ್ದ ಎಸ್ಕಿಲ್‌ನ ಎರಡೂ ಕೈ ಹಿಡಿದುಕೊಂಡ. "ಥ್ಯಾಂಕ್ಸ್ ಕಣೋ. ಸಾವಿರ ಥ್ಯಾಂಕ್ಸ್. ನನ್ನ ಮುಖ ನನಗೇ ಮರೆತುಹೋಗಿತ್ತು. ನೀನು ತಂದುಕೊಟ್ಟೆ." ಅವನ ಕಣ್ಣಿನಿಂದ ನೀರು ಇಳಿಯಿತು. ಎಸ್ಕಿಲ್‌ನ ಕಣ್ಣಲ್ಲೂ ಬಂತು. ಅದು ಬೇರೆ ಕಾರಣಕ್ಕೆ.

ಒಳಗೆ ಬನ್ನು, ಚೀಸು, ಕಾಫಿ, ಒಂದೊಂದು ಪುಟ್ಟ ಲೋಟ ಕಹಿ ಮದ್ಯ. ಎಸ್ಕಿಲ್‌ಗೆ ಒಂದು ತುತ್ತೂ ಇಳಿಯಲಿಲ್ಲ. ಬಂದವರೆಲ್ಲ ಬೆನ್ನು ತಟ್ಟಿ ಥ್ಯಾಂಕ್ಸ್ ಹೇಳುವವರೇ. ಊರಿನ ಪತ್ರಿಕೆಯವಳು ಬಂದು, ಚಿತ್ರದ ಕೆಳಗೆ ತೋರ್ವಾಲನನ್ನು ನಿಲ್ಲಿಸಿ ಫೋಟೊ ತೆಗೆದಳು. ಶನಿವಾರ ಇಡೀ ಊರೇ ಇದನ್ನು ನೋಡುತ್ತದೆ ಎಂದು ನೆನೆದು ಎಸ್ಕಿಲ್ ಬೆವರಿದ. ಇನ್ನು ತಡೆದರೆ ಆಗದು. ಮುದುಕನ ಕಿವಿಗೆ ಬೇಡ, ಗ್ರೇಟೆಗಾದರೂ ನಿಜ ಹೇಳಿಬಿಡಬೇಕು ಎಂದು ಅಡುಗೆಮನೆಗೆ ನುಗ್ಗಿದ. ಆಕೆ ಒಬ್ಬಳೇ ಕಾಫಿ ಸೋಸುತ್ತಿದ್ದಳು.

"ಗ್ರೇಟೆ, ಒಂದು ವಿಷಯ ಹೇಳ್ಬೇಕು. ಆ ಫೋಟೊದಲ್ಲಿರೋ ಮುಖ..."

"ಬಾಗಿಲು ಹಾಕು," ಎಂದಳು ಗ್ರೇಟೆ. ಹಾಕಿದ. "ಗೊತ್ತು. ನನ್ನ ತೋರ್ವಾಲ್ ಅಲ್ಲ ಅದು. ನನ್ನವನ ಮೂಗು ಚೂರು ಎಡಕ್ಕೆ ವಾಲಿತ್ತು. ಮದುವೆ ದಿನ ಕ್ಷೌರ ಮಾಡ್ಕೊಳ್ಳೋಕೆ ಹೋಗಿ ಗಲ್ಲ ಬೇರೆ ಕುಯ್ಕೊಂಡಿದ್ದ. ಮರೀತೀನಾ ನಾನು?"

"ತಪ್ಪಾಯ್ತು ಗ್ರೇಟೆ. ಈಗಲೇ ಎಲ್ಲರಿಗೂ ಹೇಳಿಬಿಡ್ತೀನಿ."

"ಹೇಳಿ ನೋಡು!" ಆಕೆ ಕಾಫಿಯ ಚಮಚ ಎತ್ತಿದಳು. "ಬೆಳಿಗ್ಗೆಯಿಂದ ಅವನು ಎಷ್ಟು ಸಲ ಹೊರಗೆ ಹೋಗಿ ನೋಡಿ ಬಂದ, ಕಂಡೆಯಾ? ಈ ಚಳೀಲಿ ಬರಿಗಾಲಲ್ಲಿ! ನನ್ನ ಪಕ್ಕ ತಾನೂ ಇದ್ದೀನಿ ಅಂತ ಖುಷಿ ಅವನಿಗೆ. ಮುಖ ಯಾವನದಾದ್ರೆ ನನಗೇನಪ್ಪಾ? ಆ ಖುಷಿ ನನ್ನ ಗಂಡಂದೇ ತಾನೇ? ನಿನ್ನ ಉಪಕಾರ ನಾನು ಮರೆಯಲ್ಲ ಎಸ್ಕಿಲ್. ಆದ್ರೆ ಈ ಮಾತು ಈ ಅಡುಗೆಮನೆ ದಾಟಕೂಡದು. ನಿನ್ನ ಹೆಂಡತಿಗೂ ಹೇಳಕೂಡದು. ಆಣೆ ಮಾಡು."

ಎಸ್ಕಿಲ್ ಆಣೆ ಮಾಡಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಳ್ಳೆಯ ಹೆಂಗಸು, ದೇವರಂಥವಳು ಎಂದುಕೊಂಡ.

"ಅಂದ ಹಾಗೆ, ಯಾರದಪ್ಪಾ ಆ ಮುಖ?" ಎಂದು ಗ್ರೇಟೆ ಕೇಳಿದಳು.

"ಅದು... ಯಂತ್ರ ತಾನೇ ಹುಟ್ಟಿಸಿಕೊಂಡದ್ದು ಇರಬೇಕು."

"ಅದೇ ಅಂದ್ಕೊಂಡೆ. ಅಷ್ಟು ಚೆಂದದ ಗಂಡಸು ಈ ಊರಲ್ಲಿ ಯಾವತ್ತೂ ಇರಲಿಲ್ಲ."

ಎಸ್ಕಿಲ್ ಹೊರಗೆ ಬಂದಾಗ ಜನ ಚದುರುತ್ತಿದ್ದರು. ಹೆಂಡತಿಯನ್ನು ಹುಡುಕಿದ. ಡೋರ್ಟೆ ಕಮಾನಿನ ಮುಂದೆ ಒಬ್ಬಳೇ, ಕೈಕಟ್ಟಿಕೊಂಡು, ಕತ್ತೆತ್ತಿ ನಿಂತಿದ್ದಳು. ಇವಳಿಗೆ ಗೊತ್ತಾಗಿಹೋಯಿತು ಎಂದುಕೊಂಡ. ಎಷ್ಟಾದರೂ ಕೈಹಿಡಿದವಳು. ಗೊತ್ತಾದರೆ ಆಗಲಿ, ತಾನಾಗಿ ಬಾಯಿಬಿಟ್ಟಂತಾಗಲಿಲ್ಲವಲ್ಲ. ಒಳಗೊಳಗೇ ಆಸೆಯೂ ಹುಟ್ಟಿತು. ಮೆಲ್ಲನೆ ಹೋಗಿ ಪಕ್ಕದಲ್ಲಿ ನಿಂತ. ಹೊಟ್ಟೆ ಒಳಗೆಳೆದುಕೊಂಡ. ದವಡೆಯನ್ನು ಸ್ವಲ್ಪ ಮೇಲಕ್ಕೆತ್ತಿದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು," ಎಂದಳು ಡೋರ್ಟೆ.

"ಇಲ್ಲ, ಹೇಳು."

"ಪ್ರಾಯದಲ್ಲಿ ಇಂಥವನು ನನ್ನ ಕಣ್ಣಿಗೆ ಬಿದ್ದಿದ್ರೆ, ಮಾರಾಯ, ನಿನ್ನ ಕಡೆ ನಾನು ತಿರುಗೀನೂ ನೋಡ್ತಿರಲಿಲ್ಲ."

ಎಸ್ಕಿಲ್ ಬಾಯಿ ತೆರೆದ. ಅಡುಗೆಮನೆಯ ಕಿಟಕಿಯಲ್ಲಿ ಗ್ರೇಟೆ ಚಮಚ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿದ.

ಅಷ್ಟರಲ್ಲಿ ತೋರ್ವಾಲ್ ಬರಿಗಾಲಲ್ಲೇ ಓಡಿಬಂದ. "ಎಸ್ಕಿಲ್, ಹೋಗ್ಬೇಡ! ನಿನಗೆ ಥ್ಯಾಂಕ್ಸ್ ಹೇಳಿದ್ದು ನನಗೆ ಸಾಲಲಿಲ್ಲ. ಮುದ್ರಣದಂಗಡಿಗೆ ಫೋನ್ ಮಾಡಿದೆ. ನಿಮ್ಮನೆಗೂ ಇಂಥದ್ದೇ ಒಂದು ಪ್ರತಿ, ಇಷ್ಟೇ ದೊಡ್ಡದು, ಚೌಕಟ್ಟು ಹಾಕಿ ಕಳಿಸ್ತಾರೆ. ನನ್ನ ನೆನಪಿಗೆ ಇಟ್ಕೊಳ್ಳಿ. ಬೇಡ ಅನ್ನಕೂಡದು."

"ಬೇಡ ಅಂತ ಯಾರಂತಾರೆ?" ಎಂದು ಡೋರ್ಟೆ ಅವನ ಕೈ ಹಿಡಿದು ಕುಲುಕಿದಳು. ಆಮೇಲೆ ಗಂಡನ ಕಡೆ ತಿರುಗಿ, "ನಡುಮನೆ ಗೋಡೆಗೆ ಹಾಕೋಣ, ಸೋಫಾದ ಎದುರಿಗೇ. ಕೂತ ಕಡೆಯಿಂದಲೇ ಕಾಣಬೇಕು" ಎಂದಳು.

"ಆದ್ರೆ ಅಲ್ಲಿ ನನ್ನ ಫೋಟೊ ಇದೆಯಲ್ಲ," ಎಂದ ಎಸ್ಕಿಲ್.

"ಇತ್ತು," ಎಂದಳು ಡೋರ್ಟೆ, ಚಿತ್ರದಿಂದ ಕಣ್ಣು ತೆಗೆಯದೆ.