ಕಡತಕ್ಕೆ ತೇವ ತಗುಲಿದ ಬಗ್ಗೆ

ಈ ಮೂಲಕ ತಿಳಿಯಪಡಿಸುವುದೇನೆಂದರೆ, ರಾಮನಗರದ ಒಂದು ಸರ್ಕಾರಿ ಕಛೇರಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಗುಮಾಸ್ತನಾಗಿರುವ ಅನಂತರಾಜು ಎಂಬ ನಾನು, ಸದರಿ ಅವಧಿಯಲ್ಲಿ ಯಾವ ಕಡತವನ್ನೂ ಅವಸರದಿಂದ ವಿಲೇವಾರಿ ಮಾಡಿದವನಲ್ಲ. ಆದರೂ ಮನೆಗೆ ಬಂದ ಎರಡು ತಿಂಗಳ ನಾಯಿಮರಿ ಮೂರೇ ದಿನದಲ್ಲಿ ಶಿಸ್ತು ಕಲಿಯತಕ್ಕದ್ದು ಎಂದು ಆದೇಶಿಸಿದೆ.

ಮರಿಯನ್ನು ಕಬ್ಬಾಳಿನ ಗೆಳತಿಯ ಮನೆಯಿಂದ ತಂದವಳು ಮಗಳು ಸಿರಿ. ಜೊತೆಗೆ ಒಂದು ಕಬ್ಬಿಣದ ಬೋನನ್ನೂ ತರಿಸಿದಳು. ಮರಿ ತಾನು ಮಲಗುವ ಜಾಗವನ್ನು ಗಲೀಜು ಮಾಡುವುದಿಲ್ಲವಂತೆ. ಬೋನಿನಲ್ಲಿ ಮಲಗಿಸಿ, ಎದ್ದ ಕೂಡಲೇ ಹೊರಗೆ ಕರೆದೊಯ್ದರೆ ಮುಗಿಯಿತಂತೆ. ಇಷ್ಟು ಸರಳವಾದ ಕ್ರಮ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಸುತ್ತೋಲೆ ಬರೆದು ಬೋನಿಗೆ ಅಂಟಿಸಿದೆ: 'ಮೂತ್ರ ವಿಸರ್ಜನೆ ಬೆಳಿಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಆರು ಗಂಟೆಗೆ. ಉಳಿದ ವೇಳೆಗೆ ಪೂರ್ವಾನುಮತಿ ಕಡ್ಡಾಯ.'

ಮರಿ ಸುತ್ತೋಲೆಯನ್ನು ಗಮನಿಸಲಿಲ್ಲ. ಬೋನಿನೊಳಗೆ ಕುಂಯ್‌ಗುಟ್ಟುತ್ತಿತ್ತು, ಹೊರಗೆ ಬಿಟ್ಟರೆ ಸೋಫಾದ ಕೆಳಗೆ ಕರ್ತವ್ಯ ನಿರ್ವಹಿಸುತ್ತಿತ್ತು.

"ರೀ, ಅದು ಹಸುಗೂಸು. ಗಂಟೆಗೊಂದ್ಸಲ ಎತ್ಕೊಂಡೋಗಿ ಹಿತ್ತಲಿಗೆ ಬುಡಿ," ಎಂದಳು ಹೆಂಡತಿ ನಯನ.

"ಗಂಟೆಗೊಂದ್ಸಲ ಕುರ್ಚಿ ಬುಟ್ಟು ಏಳಕ್ಕೆ ನಾನೇನು ಪ್ರೈವೇಟ್ ಕಂಪ್ನೀಲಿ ಇದ್ದೀನಾ?" ಎಂದೆ.

ಬದಲಿ ಕ್ರಮವಾಗಿ ನೆಲಕ್ಕೆಲ್ಲ ಹಳೆಯ ಪತ್ರಿಕೆ ಹಾಸಿದೆ. ಇದು ಫಲಿಸಿತು. ವಾರದೊಳಗೆ ಮರಿ ಕಾಗದ ಕಂಡಲ್ಲಿ ಮಾತ್ರ ಕೂರಲು ಕಲಿಯಿತು. ನಾನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಪತ್ರಿಕೆಗಳು ಮುಗಿದ ಭಾನುವಾರ, ಮೇಜಿನಿಂದ ಪುಟ್ಟಲಿಂಗಯ್ಯನ ಕಡತ ಕೆಳಗೆ ಬಿತ್ತು. ಪುಟ್ಟಲಿಂಗಯ್ಯ ಬೈರಮಂಗಲದ ಕಡೆ ಕುರಿ ಸಾಕುವ ರೈತ. ತೀರಿಹೋದ ಅಪ್ಪನ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ನಾಲ್ಕು ವರ್ಷಗಳಿಂದ ಅಲೆಯುತ್ತಿದ್ದ. 'ಪರಿಶೀಲನೆಯಲ್ಲಿದೆ' ಎಂದು ನಾನೂ ನಾಲ್ಕು ವರ್ಷಗಳಿಂದ ತಪ್ಪದೆ ಹೇಳುತ್ತಿದ್ದೆ. ಪರಿಶೀಲಿಸಲೆಂದೇ ಕಡತವನ್ನು ಮನೆಗೆ ತಂದು, ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದೆ.

ಮರಿ ಬಂತು, ಮೂಸಿತು, ಕೂತಿತು.

ನೆನೆದದ್ದನ್ನು ಒಣಗಿಸಲು ಬಿಚ್ಚಬೇಕಾಯಿತು. ಬಿಚ್ಚಿದ ಮೇಲೆ ಕಣ್ಣು ಹಾಯಿಸಬೇಕಾಯಿತು. ದಾಖಲೆಗಳೆಲ್ಲ ಸರಿಯಾಗಿದ್ದವು, ಬಾಕಿ ಇದ್ದದ್ದು ನನ್ನ ಸಹಿ ಒಂದೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಸಹಿ ಹಾಕಿಸಿದ್ದು ನಾಚಿಕೆಯಲ್ಲ, ವಾಸನೆ. ಸೋಮವಾರವೇ ಕಡತವನ್ನು ಮೇಲಧಿಕಾರಿ ನಟರಾಜು ಅವರಿಗೆ ದಾಟಿಸಿದೆ. ಅವರೂ ಮೂಗು ಹಿಡಿದುಕೊಂಡು ಐದು ನಿಮಿಷದಲ್ಲಿ ಮಂಜೂರು ಮಾಡಿದರು.

ಆದೇಶ ಪತ್ರ ಕೈಗೆ ಬಂದಾಗ ಪುಟ್ಟಲಿಂಗಯ್ಯ ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ಯಾರ್ ದೆಸೆಯಿಂದ ಆಯ್ತು ಸ್ವಾಮಿ ಇದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮನೆ ನಾಯಿಮರಿ," ಎಂದೆ.

"ಅದೇ ಅಂದ್ಕೊಂಡೆ. ನಿಮ್ ಕೈಲಿ ಆಗೋ ಕೆಲ್ಸ ಅಲ್ಲ ಬುಡಿ ಇದು," ಎಂದ. ವ್ಯಂಗ್ಯವಿರಲಿಲ್ಲ.

ಸುದ್ದಿ ಹಬ್ಬಿತು. ನಟರಾಜು ಅವರು ಜ್ಞಾಪನ ಹೊರಡಿಸಿದರು: 'ಮೂರು ವರ್ಷ ಮೀರಿದ ಕಡತಗಳನ್ನು ಪ್ರತಿ ಶನಿವಾರ ಅನಂತರಾಜು ಅವರ ನಿವಾಸಕ್ಕೆ ಒಯ್ದು, ತೇವಗೊಳಿಸಿ, ಮಂಡಿಸತಕ್ಕದ್ದು.' ಈಗ ಬೋನಿನಲ್ಲಿ ಕಡತಗಳಿವೆ. ಮರಿ ನನ್ನ ಹಾಸಿಗೆಯಲ್ಲಿ ಮಲಗುತ್ತದೆ. ಬಾಗಿಲಿಗೆ ಬರುವ ಅರ್ಜಿದಾರರಿಗೆ ಸಿರಿ ಟೋಕನ್ ಕೊಡುತ್ತಾಳೆ. ಮರಿಗೆ ಹಿತ್ತಲಿನ ಅಭ್ಯಾಸ ಮಾಡಿಸಬೇಕೆಂಬ ನಯನಳ ಮನವಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತಿರಸ್ಕರಿಸಲಾಗಿದೆ.

ಕಳೆದ ಶನಿವಾರ ಮಾಗಡಿಯ ಹನುಮಂತಯ್ಯ ಎಂಬ ಹಿರಿಯರು ಎರಡು ಎಳನೀರು ಹಿಡಿದು ಬಂದರು. ನಾನು ಕೈ ಚಾಚಿದೆ.

"ನಿಮ್ಗಲ್ಲ ಕಣಪ್ಪ, ಸಾಹೇಬ್ರಿಗೆ," ಎನ್ನುತ್ತಾ ಎರಡನ್ನೂ ಮರಿಯ ತಟ್ಟೆಗೆ ಸುರಿದರು. ಮರಿ ಲೊಚಲೊಚನೆ ಕುಡಿಯಿತು.

"ಇನ್ನೆಷ್ಟೊತ್ತು ಆಯ್ತದೆ?"

"ಅರ್ಧ ಗಂಟೆ. ಕೂತ್ಕಳಿ ಯಜಮಾನ್ರೆ," ಎಂದು ಬೆಂಚು ಒರೆಸಿಕೊಟ್ಟು, ಅವರ ಕಡತವನ್ನು ನಾನೇ ನೆಲದ ಮೇಲೆ ನೀಟಾಗಿ ಹರಡಿದೆ.